ಹೊಳೆಯುವ ಅಣುವಿನ ಒಳಗೆ ಏನಾಗುತ್ತದೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ವಿಜ್ಞಾನ ಪುಟದಲ್ಲಿ ನೀರಿನ ಫ್ಲೋರೈಡ್ ಪತ್ತೆ ಮಾಡುವ ಹೊಳೆಯುವ ಅಣುಗಳ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ಒಂದು ಸೀಸೆ ನೀಲಿಯಾಗಿ, ಪಕ್ಕದ್ದು ಹಸಿರಾಗಿ ಬೆಳಗುವ ಚಿತ್ರ ಜೊತೆಗಿತ್ತು. ನಾನು ಪಾವಗಡ ತಾಲ್ಲೂಕಿನವಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಕುಡಿಯುವ ನೀರಿನಲ್ಲಿ ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಂಬ ಪದ ಪತ್ರಿಕೆಯಲ್ಲಿ ಕಂಡರೆ ನಮ್ಮ ಕಡೆ ಯಾರೂ ಪುಟ ತಿರುಗಿಸಿ ಮುಂದೆ ಹೋಗುವುದಿಲ್ಲ. ಸೋಮವಾರ ಬೆಳಗ್ಗೆ ಸ್ಟಾಫ್ ರೂಮಿನಲ್ಲಿ ಆ ಪುಟ ಎಲ್ಲರ ಕೈಗೂ ಹೋಗಿ ಬಂತು. ಮಧ್ಯಾಹ್ನ ಇಬ್ಬರು ವಿದ್ಯಾರ್ಥಿನಿಯರು ಲ್ಯಾಬಿನ ಬಾಗಿಲಲ್ಲಿ ನಿಂತು, “ಮೇಡಂ, ಈ ಕಿಟ್ ಎಲ್ಲಿ ಸಿಗುತ್ತೆ? ನಮ್ಮ ಬೋರ್‌ವೆಲ್ ನೀರು ತಂದ್ರೆ ನೋಡಿ ಹೇಳ್ತೀರಾ?” ಎಂದು ಕೇಳಿದರು.

ಆ ಮಕ್ಕಳಿಗೆ ಕೊಟ್ಟ ಉತ್ತರವನ್ನೇ ಈ ಪತ್ರದಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ಬರಹದಲ್ಲಿ ತಪ್ಪು ಮಾಹಿತಿ ಏನೂ ಇರಲಿಲ್ಲ. ಆದರೆ ಬಣ್ಣ ಯಾಕೆ ಬದಲಾಗುತ್ತದೆ ಎಂಬುದನ್ನು ‘ರಾಸಾಯನಿಕ ಕ್ರಿಯೆಯಿಂದ’ ಎಂಬ ಒಂದೇ ಮಾತಿನಲ್ಲಿ ಮುಗಿಸಲಾಗಿತ್ತು. ಆ ಕಾರಣ ಗೊತ್ತಿಲ್ಲದಿದ್ದರೆ ಈ ಪರೀಕ್ಷೆ ನಮ್ಮ ಬಾವಿಯ ನೀರಿನಲ್ಲಿ ನಡೆಯುತ್ತದೋ ಇಲ್ಲವೋ ಎಂದು ಯಾರೂ ಅಂದಾಜು ಮಾಡಲಾರರು. ಅಣುವನ್ನು ಹೊಳೆಯಿಸುವ ಸಂಗತಿಯನ್ನೇ ನೀರು ಕೆಡಿಸುತ್ತದೆ. ಹಾಗಾಗಿ ಈ ವಿವರಣೆ ಪಂಡಿತರಿಗೆ ಮಾತ್ರ ಬೇಕಾದದ್ದು ಎಂದು ನಾನು ಒಪ್ಪುವುದಿಲ್ಲ. ಬಿಂದಿಗೆ ಹಿಡಿದು ನಲ್ಲಿ ಹತ್ತಿರ ನಿಲ್ಲುವವರಿಗೂ ಅದು ಬೇಕು.

ಚಿತ್ರದಲ್ಲಿದ್ದಂಥ ಅಣುಗಳಲ್ಲಿ ತುಂಬಾ ಬಳಕೆಯಲ್ಲಿರುವುದು ಎಚ್‌ಬಿಟಿ ಕುಟುಂಬ. ಪೂರ್ತಿ ಹೆಸರು ಹೈಡ್ರಾಕ್ಸಿಫಿನೈಲ್ ಬೆಂಜೋಥಯಾಜೋಲ್. ಎಂ.ಎಸ್ಸಿ. ಓದುವಾಗ ಪ್ರಾಜೆಕ್ಟ್‌ಗಾಗಿ ನಾನು ಇದನ್ನು ಕೈಯಾರೆ ಮಾಡಿದ್ದೇನೆ. ಸ್ಯಾಲಿಸಿಲಾಲ್ಡಿಹೈಡ್ ಮತ್ತು ಅಮೈನೋಥಯೋಫಿನಾಲ್ ಎಂಬ ಎರಡನ್ನು ಸೇರಿಸಿ ಮಾಡುವುದು. ಎರಡನೆಯದರ ವಾಸನೆ ದುಪಟ್ಟಾಕ್ಕೆ ಹತ್ತಿದರೆ ಒಗೆದರೂ ಬಿಡುವುದಿಲ್ಲ. ಹಾಸ್ಟೆಲ್ ಗೆಳತಿಯರು ನನ್ನನ್ನು ಊಟದ ಮೇಜಿನ ತುದಿಗೆ ಕೂರಿಸುತ್ತಿದ್ದರು. ಕೊನೆಗೆ ಸಿಕ್ಕಿದ್ದು ಮಾಸಲು ಬಿಳಿಯ ಹರಳುಪುಡಿ. ನೋಡಲು ಏನೂ ವಿಶೇಷವಿಲ್ಲ. ಅದನ್ನು ಫಿಲ್ಟರ್ ಪೇಪರ್ ಮೇಲೆ ಒಣಗಿಸಿ, ಕತ್ತಲೆ ಪೆಟ್ಟಿಗೆಯಲ್ಲಿಟ್ಟು ನೇರಳಾತೀತ ದೀಪ, ಅಂದರೆ ಯುವಿ ಲೈಟು, ಹಾಕಿದೆ. ಇಡೀ ಕಾಗದ ಹಸಿರಾಗಿ ಬೆಳಗಿತು. ಅದೇ ಪುಡಿಯನ್ನು ಚಿಟಿಕೆಯಷ್ಟು ಆಲ್ಕೋಹಾಲ್‌ನಲ್ಲಿ ಕರಗಿಸಿದೆ. ಹೊಳಪು ಮಂಕಾಯಿತು. ಒಂದೇ ವಸ್ತು, ಒಂದೇ ದೀಪ. ಯಾಕೆ ಹೀಗೆ ಎಂದು ಗೈಡ್ ಸರ್ ಅವರನ್ನು ಕೇಳಿದೆ. “ಪ್ರೋಟಾನ್ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಮ್ಮ” ಎಂದರು.

ಯೋಚನೆ ಮಾಡೋಣ. ಈ ಅಣುವಿನಲ್ಲಿ ಒಂದು ಕಡೆ ಒಎಚ್ ಗುಂಪು ಇದೆ, ಅಂದರೆ ಆಕ್ಸಿಜನ್‌ಗೆ ಅಂಟಿದ ಹೈಡ್ರೋಜನ್. ಅದರ ಎದುರಿಗೇ ಒಂದು ನೈಟ್ರೋಜನ್ ಇದೆ. ಹೈಡ್ರೋಜನ್ ಇರುವುದು ಆಕ್ಸಿಜನ್ ಹತ್ತಿರ. ಆದರೆ ನೈಟ್ರೋಜನ್ ಕೂಡ ಅದನ್ನು ಸ್ವಲ್ಪ ಎಳೆದುಕೊಂಡಿರುತ್ತದೆ. ಇದೇ ಹೈಡ್ರೋಜನ್ ಬಂಧ. ಕತ್ತಲಲ್ಲಿ ಇಷ್ಟೇ, ಎಲ್ಲವೂ ಸುಮ್ನೆ ಇರುತ್ತದೆ. ಯುವಿ ಬೆಳಕನ್ನು ಅಣು ನುಂಗಿದ ಕೂಡಲೇ ಒಳಗಿನ ಎಲೆಕ್ಟ್ರಾನ್‌ಗಳ ಹಂಚಿಕೆ ಬದಲಾಗುತ್ತದೆ. ಆಕ್ಸಿಜನ್‌ಗೆ ತನ್ನ ಪ್ರೋಟಾನ್ (ಎಲೆಕ್ಟ್ರಾನ್ ಬಿಟ್ಟ ಹೈಡ್ರೋಜನ್) ಮೇಲಿನ ಹಿಡಿತ ಸಡಿಲವಾಗುತ್ತದೆ, ಅಂದರೆ ಆ ಒಎಚ್ ಬಲವಾದ ಆಮ್ಲವಾಗುತ್ತದೆ. ನೈಟ್ರೋಜನ್ ಬಲವಾದ ಪ್ರತ್ಯಾಮ್ಲವಾಗುತ್ತದೆ. ಪ್ರೋಟಾನ್ ಆ ಕಡೆಯಿಂದ ಈ ಕಡೆಗೆ ಹೋಗಿಬಿಡುತ್ತದೆ. ಅಣುವಿನಿಂದ ಏನೂ ಹೊರಗೆ ಹೋಗಿಲ್ಲ, ಹೊರಗಿನಿಂದ ಏನೂ ಬಂದಿಲ್ಲ. ಒಂದೇ ಮನೆಯವರು ಜಗುಲಿಯಿಂದ ಪಡಸಾಲೆಗೆ ಹೋಗಿ ಕೂತಂತೆ. ಆದರೂ ಈಗ ಅಣುವಿನ ಬಂಧಗಳೆಲ್ಲ ಬೇರೆ ರೀತಿ ಜೋಡಣೆಯಾಗಿರುತ್ತವೆ. ಮೊದಲಿದ್ದ ಈನಾಲ್ ರೂಪ ಹೋಗಿ ಕೀಟೋ ರೂಪ ಬಂದಿರುತ್ತದೆ. ನಮ್ಮ ದ್ವಿತೀಯ ಪಿಯು ಮಕ್ಕಳಿಗೆ ಈ ಎರಡೂ ಹೆಸರು ಗೊತ್ತು.

ಈ ಹೊಸ ರೂಪದಿಂದ ಬೆಳಕು ಹೊರಗೆ ಬರುತ್ತದೆ. ಬಂದಮೇಲೆ ಪ್ರೋಟಾನ್ ತನ್ನ ಹಳೆಯ ಜಾಗಕ್ಕೆ ಮರಳುತ್ತದೆ. ಅಣು ಮತ್ತೆ ಮೊದಲಿನಂತೆ, ಇನ್ನೊಂದು ಸುತ್ತಿಗೆ ತಯಾರು.

ಇದರಿಂದ ಆಗುವ ಲಾಭ ದೊಡ್ಡದು. ಸಾಮಾನ್ಯ ಪ್ರತಿದೀಪ್ತಿಯ, ಅಂದರೆ ಬೆಳಕು ನುಂಗಿ ಬೆಳಕು ಕೊಡುವ, ಅಣು ನುಂಗಿದ ಬೆಳಕಿಗಿಂತ ಸ್ವಲ್ಪವೇ ಕಡಿಮೆ ಶಕ್ತಿಯ ಬೆಳಕನ್ನು ಕೊಡುತ್ತದೆ. ಎರಡರ ನಡುವಿನ ಅಂತರ ಕಡಿಮೆ. ಹಾಗಾಗಿ ಒಂದು ಅಣು ಕೊಟ್ಟ ಬೆಳಕನ್ನು ಪಕ್ಕದ ಅಣುವೇ ನುಂಗಿಬಿಡಬಹುದು. ಎಚ್‌ಬಿಟಿ ಹಾಗಲ್ಲ. ಅದು ನುಂಗುವುದು ಸುಮಾರು 340 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ, ಕಣ್ಣಿಗೆ ಕಾಣದ ಬೆಳಕು. ಕೊಡುವುದು 500 ದಾಟಿದ ಹಸಿರು. ನಡುವೆ ಇಷ್ಟು ದೂರ ಇರುವುದರಿಂದ ಹೊರಬಂದ ಹಸಿರನ್ನು ಅಕ್ಕಪಕ್ಕದ ಅಣುಗಳು ಮುಟ್ಟುವುದೂ ಇಲ್ಲ. ಪ್ರೋಟಾನ್ ಜಿಗಿಯದೇ ಉಳಿದ ಅಣು ಏನಾದರೂ ಬೆಳಕು ಕೊಟ್ಟರೆ ಅದು 400ಕ್ಕಿಂತ ಕೆಳಗೆ, ನೇರಳೆಯ ಅಂಚಿನಲ್ಲಿ ಬರುತ್ತದೆ. ಅಂದರೆ ಪ್ರೋಟಾನ್ ಜಿಗಿಯಿತೋ ಇಲ್ಲವೋ ಎಂಬುದನ್ನು ಬಣ್ಣವೇ ಹೇಳುತ್ತದೆ. ಪರೀಕ್ಷೆಯ ಮೂಲ ಇಲ್ಲಿದೆ.

ಇದನ್ನು ಮೊದಲು ಕಂಡುಕೊಂಡ ಕಥೆ ನಮ್ಮ ಊರಿನ ಪ್ರತಿ ಮನೆಯಲ್ಲೂ ಇರುವ ಒಂದು ವಸ್ತುವಿಗೆ ಸೇರಿದ್ದು. ಅದನ್ನು ಬರೆಯದೆ ಬಿಡಲಾರೆ.

ನಮ್ಮ ಅಜ್ಜಿ ಕೊನೆಯ ವರ್ಷಗಳಲ್ಲಿ ಬೆನ್ನು ನೆಟ್ಟಗೆ ಮಾಡಲಾಗದೆ, ಕತ್ತು ಹಿಂದೆ ತಿರುಗಿಸಲಾಗದೆ ಬದುಕಿದರು. ಚಿಕ್ಕಂದಿನಿಂದ ಒಂದೇ ಬಾವಿಯ ನೀರು ಕುಡಿದವರು. ರಾತ್ರಿ ಮಲಗುವ ಮುಂಚೆ ಮಂಡಿಗೆ ಬಾಮ್ ಹಚ್ಚುವುದು ಮನೆಯ ಹುಡುಗಿಯರ ಕೆಲಸ. “ಇನ್ನೊಂಚೂರು ಉಜ್ಜೇ ತಾಯಿ” ಎನ್ನುತ್ತಿದ್ದರು. ಆ ಬಾಮ್‌ನ ಮೂಗಿಗೆ ಏರುವ ವಾಸನೆ ಮೀಥೈಲ್ ಸ್ಯಾಲಿಸಿಲೇಟ್‌ನದು. ಊಟಿಗೆ ಹೋದವರು ಸಣ್ಣ ಸೀಸೆಗಳಲ್ಲಿ ತರುವ ವಿಂಟರ್‌ಗ್ರೀನ್ ಎಣ್ಣೆಯಲ್ಲೂ ಮುಖ್ಯವಾಗಿ ಇರುವುದು ಅದೇ. ನೀಲಗಿರಿಯಲ್ಲಿ ಆ ಗಿಡ ತಾನಾಗಿ ಬೆಳೆಯುತ್ತದೆ. ಈಗಿನ ಬಾಮ್‌ಗಳಿಗೆ ಹೆಚ್ಚಾಗಿ ಫ್ಯಾಕ್ಟರಿಯಲ್ಲಿ ತಯಾರಾದದ್ದನ್ನೇ ಹಾಕುತ್ತಾರೆ. ನಮ್ಮ ಲ್ಯಾಬಿನಲ್ಲೂ ಸ್ಯಾಲಿಸಿಲಿಕ್ ಆಮ್ಲ, ಮೆಥನಾಲ್ ಮತ್ತು ಕೆಲವು ಹನಿ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡಿದರೆ ಮಕ್ಕಳು, “ಮೇಡಂ, ಅಜ್ಜಿ ವಾಸನೆ” ಎನ್ನುತ್ತಾರೆ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಆಲ್ಬರ್ಟ್ ವೆಲ್ಲರ್ 1955–56ರಲ್ಲಿ ಕೆಲಸ ಮಾಡಿದ್ದು ಇದೇ ವಸ್ತುವಿನ ಮೇಲೆ. ಯುವಿ ಬೆಳಕಿನಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಎರಡು ಬಗೆಯ ಬೆಳಕು ಕೊಡುತ್ತಿತ್ತು. ಒಂದು ಯುವಿಯಲ್ಲೇ, ನಿರೀಕ್ಷಿಸಿದ ಜಾಗದಲ್ಲಿ. ಇನ್ನೊಂದು ತುಂಬಾ ದೂರದಲ್ಲಿ, 450 ನ್ಯಾನೊಮೀಟರ್ ಹತ್ತಿರ, ನೀಲಿ. ಈ ಎರಡನೆಯದು ಎಲ್ಲಿಂದ ಬಂತು? ವೆಲ್ಲರ್ ಒಎಚ್‌ನ ಹೈಡ್ರೋಜನ್ ಜಾಗದಲ್ಲಿ ಮೀಥೈಲ್ ಗುಂಪು ಇರುವ ಸೋದರ ಅಣುವನ್ನು ಪಕ್ಕದಲ್ಲಿಟ್ಟು ನೋಡಿದರು. ಅದರಲ್ಲಿ ನೀಲಿ ಇಲ್ಲ. ಜಿಗಿಯಲು ಪ್ರೋಟಾನ್ ಇಲ್ಲದಿದ್ದರೆ ದೂರದ ಆ ಬೆಳಕೂ ಇಲ್ಲ. ಬೆಳಕು ಬಿದ್ದಾಗ ಅಣುವಿನ ಒಳಗೇ ಪ್ರೋಟಾನ್ ಜಾಗ ಬದಲಿಸುತ್ತದೆ ಎಂದು ಅವರು ತೀರ್ಮಾನಿಸಿದರು. ಬೆಳಕು ನುಂಗಿದ ಅಣುಗಳ ಆಮ್ಲಗುಣ ಪೂರ್ತಿ ಬದಲಾಗಬಹುದು ಎಂಬುದನ್ನು ಥಿಯೋಡೋರ್ ಫರ್ಸ್ಟರ್ ಎಂಬ ವಿಜ್ಞಾನಿ ಕೆಲವೇ ವರ್ಷ ಮೊದಲು ಲೆಕ್ಕ ಹಾಕಿ ತೋರಿಸಿದ್ದರು. 2-ನ್ಯಾಫ್ಥಾಲ್ ಎಂಬ ಅಣುವಿನ ಪಿಕೆಎ ಕತ್ತಲಲ್ಲಿ 9.5ರಷ್ಟು, ಬೆಳಕು ನುಂಗಿದಾಗ 3ಕ್ಕಿಂತ ಕಡಿಮೆ. ಪಿಕೆಎ ಇಳಿದಷ್ಟೂ ಆಮ್ಲ ಬಲವಾಗುತ್ತದೆ. ಒಂದೊಂದು ಅಂಕ ಅಂದರೆ ಹತ್ತು ಪಟ್ಟು. ಲಕ್ಷಗಟ್ಟಲೆ ಪಟ್ಟು ವ್ಯತ್ಯಾಸ ಇದು. ದೀಪ ಹಚ್ಚಿದ್ದಷ್ಟೇ ಕಾರಣ!

ಎರಡು ಬಗೆಯ ಬೆಳಕು ಯಾಕೆ ಎಂಬುದಕ್ಕೆ ವೆಲ್ಲರ್ ಕೊಟ್ಟ ಉತ್ತರವನ್ನು ಮುಂದಿನವರು ತಿದ್ದಿದರು. ಒಎಚ್ ಕಾರ್ಬೊನಿಲ್ ಆಕ್ಸಿಜನ್ (ಕಾರ್ಬನ್‌ಗೆ ಜೋಡಿ ಬಂಧದಿಂದ ಅಂಟಿದ್ದು) ಕಡೆ ಮುಖ ಮಾಡಿದ ಅಣುಗಳು ಒಂದು ಗುಂಪು, ಇನ್ನೊಂದು ಆಕ್ಸಿಜನ್ ಕಡೆ ತಿರುಗಿದವು ಮತ್ತೊಂದು ಗುಂಪು. ಮೊದಲ ಗುಂಪಿನಲ್ಲಿ ಮಾತ್ರ ಜಿಗಿತ ನಡೆಯುತ್ತದೆ. ಮೂಲ ವಿಚಾರ ಮಾತ್ರ ಹಾಗೇ ನಿಂತಿದೆ.

ನೀರಿನ ವಿಷಯಕ್ಕೆ ಬರುತ್ತೇನೆ. ಅದಕ್ಕೆ ಇನ್ನೊಂದು ಅಣು ಸಾಕ್ಷಿ. 1979ರಲ್ಲಿ ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪ್ರದೀಪ್ ಸೇನ್‌ಗುಪ್ತಾ ಮತ್ತು ಮೈಕೆಲ್ ಕಾಶಾ 3-ಹೈಡ್ರಾಕ್ಸಿಫ್ಲೇವೋನ್ ಬಗ್ಗೆ ಬರೆದರು. ಅದೇ ಲೇಖನದಲ್ಲಿ ಕ್ವರ್ಸೆಟಿನ್ ಕೂಡ ಇತ್ತು. ನಮ್ಮ ಈರುಳ್ಳಿ ಸಿಪ್ಪೆಯಲ್ಲಿ ಧಾರಾಳವಾಗಿರುವ ಹಳದಿ ವಸ್ತು ಅದು. ಸೇನ್‌ಗುಪ್ತಾ ಮುಂದೆ ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್‌ನಲ್ಲಿ ಇಂಥ ಗಿಡಮೂಲದ ಅಣುಗಳ ಮೇಲೆ ಕೆಲಸ ಮುಂದುವರಿಸಿದರು. ನಮ್ಮ ದೇಶದವರೊಬ್ಬರ ಹೆಸರು ಈ ವಿಷಯದ ಬುಡದಲ್ಲೇ ಇದೆ ಎಂದು ಹೇಳಿದಾಗ ತರಗತಿಯಲ್ಲಿ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

3-ಹೈಡ್ರಾಕ್ಸಿಫ್ಲೇವೋನ್‌ನಲ್ಲೂ ಎರಡು ಬೆಳಕು ಕಂಡಿದ್ದವು. ನೇರಳೆ ಒಂದು, 530ರ ಹತ್ತಿರ ಹಸಿರು ಒಂದು. ಪ್ರೋಟಾನ್ ಜಿಗಿತಕ್ಕೆ ನಡುವೆ ಏನೋ ಅಡ್ಡಿ ಇರಬೇಕು, ಅದಕ್ಕೇ ಕೆಲವು ಅಣುಗಳು ಜಿಗಿಯದೆ ಉಳಿಯುತ್ತವೆ ಎಂಬ ವಾದಗಳು ನಡೆದವು. 1984ರಲ್ಲಿ ಮ್ಯಾಕ್‌ಮಾರೊ ಮತ್ತು ಕಾಶಾ ದ್ರಾವಕವನ್ನು ಬಹಳ ಎಚ್ಚರಿಕೆಯಿಂದ ಒಣಗಿಸಿ, ಶುದ್ಧ ಮಾಡಿ ನೋಡಿದರು. ನೇರಳೆ ಮಾಯವಾಯಿತು. ಹಸಿರು ಮಾತ್ರ ಉಳಿಯಿತು. ದ್ರಾವಕದಲ್ಲಿ ಅಡಗಿದ್ದ ನೀರಿನ ಲೇಶ ಅಷ್ಟು ಕಾಲ ನೇರಳೆ ಬಣ್ಣವನ್ನು ತರುತ್ತಿತ್ತು. ನೀರಿನ ಅಣು ಬಂದು ಒಎಚ್ ಜೊತೆ ತನ್ನದೇ ಹೈಡ್ರೋಜನ್ ಬಂಧ ಮಾಡಿಕೊಳ್ಳುತ್ತದೆ. ಅಣುವಿನ ಒಳಗಿನ ಬಂಧ ಕೆಡುತ್ತದೆ. ಪ್ರೋಟಾನ್‌ಗೆ ಹೋಗಲು ದಾರಿ ಸಿಗುವುದಿಲ್ಲ.

ಸಂಪಾದಕರೇ, ಈ ಒಂದು ಸಂಗತಿ ಸಾಕು. ಲೇಶ ನೀರು ಬೆರೆತರೇ ಹೀಗಾದರೆ, ಬೋರ್‌ವೆಲ್‌ನಿಂದ ತಂದ ಒಂದು ಲೋಟ ನೀರಿನಲ್ಲಿ ಏನಾಗಬಹುದು? ನಿಮ್ಮ ಓದುಗರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಅದನ್ನು ಕೇಳಲು ಬೇಕಾದ ಮಾಹಿತಿ ಅವರ ಕೈಗೆ ಸಿಗಲಿಲ್ಲ.

ಜಿಗಿತ ಎಷ್ಟು ಬೇಗ ನಡೆಯುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ನನಗೆ ತುಂಬಾ ಇಷ್ಟವಾದ ಭಾಗ ಅದು. ಎಚ್‌ಬಿಟಿಯಲ್ಲಿ ಅದಕ್ಕೆ ಸುಮಾರು 60 ಫೆಮ್ಟೊಸೆಕೆಂಡ್ ಸಾಕು. ಸೆಕೆಂಡಿನ ಸಾವಿರ ಲಕ್ಷ ಕೋಟಿಯ ಒಂದು ಪಾಲು ಒಂದು ಫೆಮ್ಟೊಸೆಕೆಂಡ್. ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಈ 60 ಫೆಮ್ಟೊಸೆಕೆಂಡಿನಲ್ಲಿ ಹೋಗುವುದು 18 ಮೈಕ್ರೋಮೀಟರ್ ಮಾತ್ರ. ತಲೆಗೂದಲಿನ ದಪ್ಪ ಅದಕ್ಕಿಂತ ಜಾಸ್ತಿ. ಇಷ್ಟು ಚಿಕ್ಕ ಸಮಯವನ್ನು ಅಳೆಯುವ ಲೇಸರ್ ವಿದ್ಯೆಗೆ 1999ರಲ್ಲಿ ಅಹ್ಮದ್ ಜ಼ೆವೈಲ್ ಅವರಿಗೆ ನೊಬೆಲ್ ಬಂತು. ಅವರ ಗುಂಪು ಅಳೆದ ಅಣುಗಳಲ್ಲಿ ಬಾಮ್‌ನ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಇತ್ತು. ಎಚ್‌ಬಿಟಿಯನ್ನು ವಿವರವಾಗಿ ಅಳೆದವರು ಮ್ಯೂನಿಕ್‌ನ ಲೋಖ್‌ಬ್ರುನ್ನರ್ ಮತ್ತು ರೀಡ್ಲೆ. ಪ್ರೋಟಾನ್ ಒಂದೇ ಓಡಿಹೋಗುತ್ತದೆ ಎಂದು ನಾವು ಬೋರ್ಡಿನ ಮೇಲೆ ಬಾಣ ಬರೆಯುತ್ತೇವೆ. ಅವರ ಅಳತೆಗಳಲ್ಲಿ ಕಂಡದ್ದು ಬೇರೆ. ಬೆಳಕು ನುಂಗಿದ ಅಣುವಿನ ಇಡೀ ಚೌಕಟ್ಟು ಬಾಗುತ್ತದೆ, ಆಕ್ಸಿಜನ್ ಮತ್ತು ನೈಟ್ರೋಜನ್ ಹತ್ತಿರ ಬರುತ್ತವೆ, ಆಗ ಪ್ರೋಟಾನ್ ಕೈ ಬದಲಾಗುತ್ತದೆ. ಅಣುವಿನ ಎಲ್ಲ ಪರಮಾಣುಗಳೂ ಆ ಕೆಲಸದಲ್ಲಿ ಪಾಲ್ಗೊಳ್ಳುತ್ತವೆ. ಇದನ್ನು ಓದಿದ ದಿನ ನಾನು ರಾತ್ರಿ ತುಂಬಾ ಹೊತ್ತು ಮಲಗಲಿಲ್ಲ.

ಜಿಗಿದಮೇಲೆ ಎಲ್ಲ ಅಣುಗಳೂ ಹೊಳೆಯುವುದಿಲ್ಲ. ಕೀಟೋ ರೂಪಕ್ಕೆ ತಿರುಚಿಕೊಳ್ಳಲು ಜಾಗ ಇದ್ದರೆ ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ಆಲ್ಕೋಹಾಲ್‌ನಲ್ಲಿ ನನ್ನ ಎಚ್‌ಬಿಟಿ ಮಂಕಾಗಿದ್ದಕ್ಕೆ ಇದೂ ಒಂದು ಕಾರಣ. ಹರಳಿನಲ್ಲಿ ಅಣುಗಳು ಬಿಗಿಯಾಗಿ ಕೂತಿರುತ್ತವೆ, ತಿರುಚಲಾಗುವುದಿಲ್ಲ, ಹಾಗಾಗಿ ಬೆಳಗುತ್ತವೆ. ಹೊಳೆಯದ ಜಿಗಿತವೂ ಉಪಯೋಗಕ್ಕೆ ಬರುತ್ತದೆ. ಯುವಿಯನ್ನು ನುಂಗಿ, ಪ್ರೋಟಾನ್ ಜಿಗಿಸಿ, ಶಾಖವಾಗಿ ಬಿಟ್ಟು, ಮತ್ತೆ ಮೊದಲಿನಂತಾಗುವ ಹೈಡ್ರಾಕ್ಸಿಬೆಂಜೋಫಿನೋನ್ ಗುಂಪಿನ ಅಣುಗಳನ್ನು ಸನ್‌ಸ್ಕ್ರೀನ್‌ಗೂ ಪ್ಲಾಸ್ಟಿಕ್‌ಗೂ ಬೆರೆಸುತ್ತಾರೆ. ಸೋಲಾರ್ ಪ್ಯಾನೆಲ್‌ನ ಗಾಜಿನ ಕೆಳಗಿರುವ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಹಳದಿಯಾಗದಂತೆ ಬಹುಕಾಲದಿಂದ ಬಳಸಿದ್ದೂ ಈ ಗುಂಪಿನ ಅಣುಗಳನ್ನೇ. ತಿರುಮಣಿಯ ಸುತ್ತ 2050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವ ನಮ್ಮ ತಾಲ್ಲೂಕಿನ ಮಕ್ಕಳಿಗೆ ಇದನ್ನು ಹೇಳದೆ ಇರಲು ಆಗುತ್ತಾ?

ಫ್ಲೋರೈಡ್ ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ಈಗ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ಎಚ್‌ಬಿಟಿಯ ಒಎಚ್‌ನಲ್ಲಿರುವ ಹೈಡ್ರೋಜನ್ ತೆಗೆದು, ಅಲ್ಲಿ ಸಿಲಿಕಾನ್ ಇರುವ ದಪ್ಪ ಗುಂಪನ್ನು ಕೂರಿಸುತ್ತಾರೆ. ಸಿಲೈಲ್ ಗುಂಪು ಎನ್ನುತ್ತೇವೆ. ವೆಲ್ಲರ್ ಮೀಥೈಲ್‌ನಿಂದ ಮುಚ್ಚಿದ ಅಣುವನ್ನು ನೋಡಿದ್ದರಲ್ಲ, ಅದೇ ಉಪಾಯ. ಜಿಗಿಯಲು ಪ್ರೋಟಾನ್ ಇಲ್ಲ, ಆದ್ದರಿಂದ ಹಸಿರೂ ಇಲ್ಲ. ನೀಲಿ-ನೇರಳೆಯ ಬೆಳಕು ಮಾತ್ರ. ಫ್ಲೋರೈಡ್‌ಗೆ ಸಿಲಿಕಾನ್ ಎಂದರೆ ಎಲ್ಲಿಲ್ಲದ ಸೆಳೆತ. ಸಿಲಿಕಾನ್-ಫ್ಲೋರಿನ್ ಬಂಧ ತುಂಬಾ ಗಟ್ಟಿ. ಫ್ಲೋರೈಡ್ ಬಂದು ಸಿಲಿಕಾನನ್ನು ಕಿತ್ತುಕೊಳ್ಳುತ್ತದೆ. ಮುಚ್ಚಳ ತೆರೆದು ಒಎಚ್ ಮರಳಿ ಬರುತ್ತದೆ. ಜಿಗಿತ ಶುರು, ಹಸಿರು ಶುರು. ಕ್ಲೋರೈಡ್, ನೈಟ್ರೇಟ್ ಮೊದಲಾದವು ಈ ಬಂಧವನ್ನು ಹೀಗೆ ಕತ್ತರಿಸುವುದಿಲ್ಲ. ಉಪ್ಪಿನಂಶ ಜಾಸ್ತಿ ಇರುವ ನಮ್ಮ ನೀರಿಗೆ ಇದು ಮುಖ್ಯ.

ಈಗಿನ ಕಿಟ್‌ಗಳಿಗೂ ಇದಕ್ಕೂ ವ್ಯತ್ಯಾಸ ಏನು ಎಂದು ನಮ್ಮ ಪ್ರಿನ್ಸಿಪಾಲರು ಕೇಳಿದರು. ಒಳ್ಳೆಯ ಪ್ರಶ್ನೆ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ 5 ಮಂದಿ ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಇಂಥ ಫೀಲ್ಡ್ ಕಿಟ್‌ಗಳ ಫ್ಲೋರೈಡ್ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಜಿರ್ಕೋನಿಯಂ ಬೆರೆತ ಬಣ್ಣ ಇರುತ್ತದೆ. ಫ್ಲೋರೈಡ್ ಹೆಚ್ಚಾದಂತೆ ಕೆಂಪು ಕಡಿಮೆಯಾಗಿ ಹಳದಿಯ ಕಡೆ ಹೋಗುತ್ತದೆ. ಅದನ್ನು ಕಾರ್ಡಿನ ಬಣ್ಣಗಳ ಜೊತೆ ಹೋಲಿಸಬೇಕು. ಲೀಟರಿಗೆ 1 ಮಿಲಿಗ್ರಾಂ ಇರುವ ನೀರಿಗೂ ಒಂದೂವರೆ ಇರುವ ನೀರಿಗೂ ನಡುವಿನ ಬಣ್ಣದ ವ್ಯತ್ಯಾಸ ಸಂಜೆ ಬೆಳಕಿನಲ್ಲಿ ಹೇಳುವುದು ಕಷ್ಟ. ಆದರೆ ಭಾರತೀಯ ಮಾನಕದ ಗೆರೆ ಇರುವುದು ಅಲ್ಲೇ. 1 ಮಿಲಿಗ್ರಾಂ ಒಪ್ಪಬಹುದಾದ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಪ್ರೋಟಾನ್ ಜಿಗಿಯುವ ಅಣುವಿನಲ್ಲಿ ಎರಡು ಬಣ್ಣಗಳು ದೂರ ದೂರ ಇರುತ್ತವೆ. ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಎರಡರ ಪ್ರಮಾಣ ನೋಡಿದರೆ ದೀಪ ಸ್ವಲ್ಪ ಮಂಕಾಗಿದ್ದರೂ ಅಣು ಸ್ವಲ್ಪ ಕಡಿಮೆ ಬಿದ್ದಿದ್ದರೂ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ನಾನು ಈ ವಿದ್ಯೆಯ ಮೇಲೆ ಆಸೆ ಇಟ್ಟುಕೊಂಡಿರುವುದು ಇದಕ್ಕೇ.

ಆದರೆ ತೊಡಕುಗಳನ್ನೂ ಬರೆಯಬೇಕು. ಇಂಥ ಅಣುಗಳ ಬಗ್ಗೆ ಬಂದ ಬಹಳಷ್ಟು ವರದಿಗಳಲ್ಲಿ ಪ್ರಯೋಗ ನಡೆದದ್ದು ಅಸಿಟೋನೈಟ್ರೈಲ್, ಟಿಎಚ್‌ಎಫ್, ಡಿಎಂಎಸ್‌ಒ ಮೊದಲಾದ, ನೀರಲ್ಲದ ದ್ರಾವಕಗಳಲ್ಲಿ. ಫ್ಲೋರೈಡ್ ಕೂಡ ಆ ದ್ರಾವಕಗಳಲ್ಲಿ ಚೆನ್ನಾಗಿ ಕರಗುವ ವಿಶೇಷ ಲವಣದ ರೂಪದಲ್ಲಿ ಹಾಕಿದ್ದು. ಬಾವಿ ನೀರಿನಲ್ಲಿ ಎರಡು ಕಷ್ಟ ಒಟ್ಟಿಗೆ ಬರುತ್ತವೆ. ನೀರಿನ ಅಣುಗಳು ಫ್ಲೋರೈಡನ್ನು ಸುತ್ತುವರಿದು ಬಿಗಿಯಾಗಿ ಹಿಡಿದಿರುತ್ತವೆ, ಹಾಗಾಗಿ ಅದು ಸಿಲಿಕಾನ್ ಹತ್ತಿರ ಬರುವುದೇ ನಿಧಾನ. ಬಂದು ಮುಚ್ಚಳ ತೆರೆದಮೇಲೂ ಅದೇ ನೀರು ಒಎಚ್‌ಗೆ ಅಂಟಿಕೊಂಡು ಜಿಗಿತವನ್ನು ಕೆಡಿಸುತ್ತದೆ. 1984ರಲ್ಲಿ ಆ ಇಬ್ಬರು ದ್ರಾವಕ ಒಣಗಿಸಿ ಕಂಡುಕೊಂಡ ವಿಷಯ ಇಲ್ಲಿ ನಮ್ಮ ಎದುರಿಗೆ ನಿಲ್ಲುತ್ತದೆ.

ಪರಿಹಾರವನ್ನೂ ಹುಡುಕಿದ್ದಾರೆ. ಸೋಪಿನ ಗುಣ ಇರುವ ಸಿಟಿಎಬಿ ಎಂಬ ವಸ್ತುವನ್ನು ನೀರಿಗೆ ಹಾಕಿದರೆ ಅದರ ಅಣುಗಳು ಗುಂಪುಗೂಡಿ ಮಿಸೆಲ್ ಎಂಬ ಪುಟ್ಟ ಉಂಡೆಗಳಾಗುತ್ತವೆ. ಎಣ್ಣೆ ಗುಣದ ಎಚ್‌ಬಿಟಿ ಅದರ ಒಳಗೆ ಹೋಗಿ ನೀರಿನಿಂದ ಮರೆಯಾಗಿ ಕೂರುತ್ತದೆ. ಮಿಸೆಲ್‌ನ ಹೊರಮೈಗೆ ಧನ ವಿದ್ಯುತ್ ಇರುವುದರಿಂದ ಋಣ ಇರುವ ಫ್ಲೋರೈಡ್ ಹತ್ತಿರ ಸೆಳೆಯಲ್ಪಡುತ್ತದೆ. ಎರಡೂ ಕಷ್ಟಕ್ಕೆ ಒಂದೇ ಮದ್ದು. ಕಾಗದದ ಪಟ್ಟಿಗೆ ಅಣುವನ್ನು ಹಿಡಿಸಿ ಒಣಗಿಸುವ ದಾರಿಯೂ ಇದೆ. ಕಾಗದದ ಮೇಲೆ ಅಣು ತಿರುಚಲಾರದು, ಹೊಳಪು ಉಳಿಯುತ್ತದೆ. ಇಂಥ ಕೆಲಸ ನಡೆಯಬೇಕಾದ್ದು ನಮ್ಮ ಡಿಗ್ರಿ ಮತ್ತು ಎಂ.ಎಸ್ಸಿ. ಕಾಲೇಜುಗಳ ಲ್ಯಾಬುಗಳಲ್ಲಿ, ನಮ್ಮದೇ ಬೋರ್‌ವೆಲ್ ನೀರನ್ನು ಇಟ್ಟುಕೊಂಡು. ಗಡಸು ನೀರಿನ ಕ್ಯಾಲ್ಸಿಯಂ ಇದ್ದಾಗ, ಬೈಕಾರ್ಬೊನೇಟ್ ಇದ್ದಾಗ ಪಟ್ಟಿ ಹೇಗೆ ನಡೆದುಕೊಳ್ಳುತ್ತದೆ? ಏಪ್ರಿಲ್ ಬಿಸಿಲಿನಲ್ಲಿ ಅಂಗನವಾಡಿಯ ಕಪಾಟಿನಲ್ಲಿಟ್ಟ ಪಟ್ಟಿ ಜೂನ್‌ನಲ್ಲಿ ಕೆಲಸ ಮಾಡುತ್ತಾ? ಇದನ್ನೆಲ್ಲ ದೂರದ ಊರಿನವರು ಬಂದು ನೋಡಬೇಕೆಂದೇನೂ ಇಲ್ಲ. 365 ನ್ಯಾನೊಮೀಟರ್‌ನ ಯುವಿ ಟಾರ್ಚು ಈಗ ಕಾಲೇಜಿನ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಕಣ್ಣಿಗೆ ನೇರವಾಗಿ ಬಿಡಬಾರದು ಎಂಬ ಎಚ್ಚರಿಕೆ ಒಂದಿದ್ದರೆ ಸಾಕು.

ನಾನು ಇಷ್ಟು ಒತ್ತಿ ಬರೆಯುವುದಕ್ಕೆ ಕಾರಣ ಇದೆ. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಹಲ್ಲಿನ ಎನಾಮಲ್ ಕಟ್ಟುವ ವಯಸ್ಸಿನಲ್ಲಿ, ಅಂದರೆ ಸುಮಾರು 8 ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಒಳಗೆ ಹೋದರೆ ಹೀಗಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ನೀರು ಕುಡಿದರೂ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಶಾಲೆಯಲ್ಲಿ ನಗುವಾಗ ಕೈ ಅಡ್ಡ ಇಟ್ಟುಕೊಳ್ಳುವ ಹುಡುಗಿಯರು ನಮ್ಮಲ್ಲಿ ತುಂಬಾ ಜನ ಇದ್ದೆವು. ಹಲ್ಲು ಉಜ್ಜುವುದಿಲ್ಲ ಎಂದು ಬೈಸಿಕೊಂಡದ್ದೂ ಉಂಟು. ದೇಶದಲ್ಲಿ ಫ್ಲೋರೋಸಿಸ್ ಎಂಬ ಈ ಕಾಯಿಲೆಯನ್ನು ವೈದ್ಯರು ಗುರುತಿಸಿ ಬರೆದದ್ದು 1937ರಲ್ಲಿ, ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ. ಅಂದಿನಿಂದ ಎಷ್ಟು ತಲೆಮಾರು ಹೋಯಿತು ನೋಡಿ. ಇವತ್ತಿಗೂ ನಮ್ಮ ಊರಿನಲ್ಲಿ “ನೀರು ಕಾಯಿಸಿ ಕುಡೀತೀವಿ, ಏನೂ ಆಗಲ್ಲ” ಎನ್ನುವವರಿದ್ದಾರೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಫ್ಲೋರೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡುವ ಯಾವುದೇ ವಿದ್ಯೆ ನಮಗೆ ದೊಡ್ಡದು. ಅದಕ್ಕೇ ಅದರ ಸುದ್ದಿ ಅರ್ಧಕ್ಕೆ ನಿಲ್ಲಬಾರದು.

ಆ ಇಬ್ಬರು ವಿದ್ಯಾರ್ಥಿನಿಯರಿಗೆ ನಾನು ಹೇಳಿದ್ದು ಇಷ್ಟು. ಪತ್ರಿಕೆಯಲ್ಲಿ ಬಂದ ಕಿಟ್‌ಗೆ ಕಾಯಬೇಡಿ. ನೀರನ್ನು ಗಾಜಿನ ಸೀಸೆ ಬಿಟ್ಟು ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ, ಜಿಲ್ಲಾ ನೀರು ಪರೀಕ್ಷಾ ಲ್ಯಾಬಿಗೆ ಕಳಿಸೋಣ. ಅದರ ಜೊತೆಗೆ ಹೊಳೆಯುವ ಅಣುವನ್ನೂ ನೋಡೋಣ, ಯಾಕೆಂದರೆ ನಿಮ್ಮಲ್ಲೇ ಯಾರಾದರೂ ಅದನ್ನು ಬಾವಿ ನೀರಿಗೆ ಒಗ್ಗಿಸುವ ಕೆಲಸ ಮುಂದೆ ಮಾಡಬಹುದು. ಒಬ್ಬಳು, “ಮೇಡಂ, ಪ್ರೋಟಾನ್ ವಾಪಸ್ ಬರಲಿಲ್ಲ ಅಂದ್ರೆ?” ಎಂದಳು. ಕೆಲವು ಅಣುಗಳಲ್ಲಿ ಕೀಟೋ ರೂಪ ಇನ್ನೊಂದು ಆಕಾರಕ್ಕೆ ತಿರುಗಿ ಸ್ವಲ್ಪ ಕಾಲ ಹಾಗೇ ಉಳಿಯುವುದುಂಟು. ಸ್ಯಾಲಿಸಿಲಿಡಿನ್ ಅನಿಲಿನ್ ಹರಳುಗಳು ಹಾಗೇ ಬೆಳಕಿಗೆ ಬಣ್ಣ ಬದಲಿಸುತ್ತವೆ. ಪಠ್ಯಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನು ಅವಳು ಕೇಳಿದ್ದಳು.

ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಇಂಥ ಆವಿಷ್ಕಾರಗಳ ಬಗ್ಗೆ ಬರೆಯುವಾಗ ಮೂರು ಸಂಗತಿ ತಪ್ಪದೆ ಹಾಕಿ: ಪ್ರಯೋಗ ಯಾವ ದ್ರಾವಕದಲ್ಲಿ ನಡೆಯಿತು, ಎಷ್ಟು ಹೊತ್ತು ಹಿಡಿಯಿತು, ಲೀಟರಿಗೆ 1 ಮಿಲಿಗ್ರಾಂ ಮಟ್ಟದ ಫ್ಲೋರೈಡ್ ಅದರಲ್ಲಿ ಗೊತ್ತಾಗುತ್ತದೆಯೇ. ಜೊತೆಗೆ ಒಳಗೆ ಏನು ನಡೆಯಿತು ಎಂಬುದಕ್ಕೆ ಅರ್ಧ ಕಾಲಂ ಕೊಡಿ. ಓದುಗರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆ ಬೇಡ. ಬಾಮ್ ಡಬ್ಬಿಯಿಂದ ಶುರು ಮಾಡಿದರೆ ನಮ್ಮ ಓಣಿಯ ಹೆಂಗಸರೂ ಫೆಮ್ಟೊಸೆಕೆಂಡಿನವರೆಗೆ ಬರುತ್ತಾರೆ, ನಾನು ನೋಡಿದ್ದೇನೆ.

ಎರಡನೆಯದು, ಮಳೆಗಾಲದಲ್ಲಿ ಕೆಆರ್‌ಎಸ್, ಆಲಮಟ್ಟಿ, ಲಿಂಗನಮಕ್ಕಿಯ ನೀರಿನ ಮಟ್ಟವನ್ನು ದಿನವೂ ಮುದ್ರಿಸುತ್ತೀರಿ. ಫ್ಲೋರೈಡ್ ಬಾಧೆ ಇರುವ ತಾಲ್ಲೂಕುಗಳ ಸ್ಥಳೀಯ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಪರೀಕ್ಷೆಯಾದ ಕೊಳವೆ ಬಾವಿಗಳ ಹೆಸರು ಮತ್ತು ಫ್ಲೋರೈಡ್ ಪ್ರಮಾಣ ಹಾಕಿ. ಲ್ಯಾಬಿನ ವರದಿಗಳನ್ನು ಪಂಚಾಯಿತಿಯಿಂದ ಕೇಳಿ ಪಡೆಯಬಹುದು. ನಮ್ಮ ತಾಲ್ಲೂಕಿನ ಪಟ್ಟಿಯನ್ನು ಜೋಡಿಸಿ ಕಳಿಸುವ ಕೆಲಸವನ್ನು ನಾನೂ ನನ್ನ ವಿದ್ಯಾರ್ಥಿಗಳೂ ವಹಿಸಿಕೊಳ್ಳಲು ಸಿದ್ಧ.

ಇತಿ,
ರಸಾಯನಶಾಸ್ತ್ರ ಉಪನ್ಯಾಸಕಿ,
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ